ಸುರಿಯದ ಟೀ ಪಾಟ್: ಕಲೆಯೋ, ಕೆಟ್ಟುಹೋದ ಪಾತ್ರೆಯೋ?

ಪ್ರಶ್ನೆ: ಎಂಟು ವರ್ಷದಿಂದ ಮಣ್ಣಿನ ಪಾತ್ರೆ ಮಾಡುತ್ತಿದ್ದೇನೆ. ಕಪ್, ಜಗ್, ಟೀ ಪಾಟ್, ಎಲ್ಲವೂ ದಿನಬಳಕೆಯವೇ. ಹೋದ ವರ್ಷ ಒಂದು ಪ್ರದರ್ಶನಕ್ಕೆ ಅರ್ಜಿ ಹಾಕಿದೆ. ‘ಕೈಕೆಲಸ ಚೆನ್ನಾಗಿದೆ, ಆದರೆ ಕಾನ್ಸೆಪ್ಟ್ ಇಲ್ಲ’ ಎಂದು ವಾಪಸ್ ಕಳಿಸಿದರು. ಈ ವರ್ಷ ಹಟಕ್ಕೆ ಬಿದ್ದು, ಮೂತಿಯನ್ನು ಮಣ್ಣಿನಿಂದ ಮುಚ್ಚಿದ ಒಂದು ಟೀ ಪಾಟ್ ಮಾಡಿದೆ. ಮನೆಯೊಳಗೆ ನಿಂತುಹೋಗುವ ಮಾತಿನ ಬಗ್ಗೆ ಅಂತ ಅರ್ಧ ಪುಟ ಬರೆದೆ. ಆಯ್ಕೆಯಾಯಿತು! ಆದರೆ ನಿಜ ಹೇಳಬೇಕೆಂದರೆ ಆ ಅರ್ಧ ಪುಟ ಬರೆದದ್ದು ಪಾತ್ರೆ ಸುಟ್ಟ ಮೇಲೆ. ನನಗೇ ಮೋಸ ಮಾಡಿದ ಹಾಗೆ ಅನಿಸುತ್ತಿದೆ. ಶಿಲ್ಪಿಯೊಬ್ಬರು ‘ಬಳಸಲು ಬಂದರೆ ಅದು ಕಲೆ ಅಲ್ಲ’ ಅಂತಾರೆ. ಡಿಸೈನರ್ ಗೆಳೆಯ ‘ಬಳಸಲು ಬರದಿದ್ದರೆ ಅದು ಡಿಸೈನ್ ಅಲ್ಲ’ ಅಂತಾನೆ. ಮುಂದೆ ನನ್ನ ತಾಯಿಯ ಬಗ್ಗೆ ಆರು ಕಪ್‌ಗಳ ಒಂದು ಸೆಟ್ ಮಾಡುವ ಆಸೆ ಇದೆ. ಅವರ ಕೈ ನಡುಗುತ್ತದೆ, ಹಿಡಿತ ಕಡಿಮೆಯಾಗಿದೆ. ಅವು ಬಳಸುವ ಕಪ್ ಆಗಿಯೇ ಇರಬೇಕು, ಏನನ್ನಾದರೂ ಹೇಳಲೂ ಬೇಕು. ಕಾನ್ಸೆಪ್ಟ್ ಮೊದಲು ಬರಬೇಕಾ? ಹೇಳುವುದಕ್ಕೋಸ್ಕರ ಬಳಕೆಯನ್ನು ಬಿಟ್ಟುಕೊಡಲೇಬೇಕಾ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೇಲ್ನೋಟಕ್ಕೆ ಮೂರ್ನಾಲ್ಕು ಪ್ರಶ್ನೆಗಳಿವೆ. ಒಳಗಿರುವ ಸಂಕಟ ಒಂದೇ ಅನಿಸಿತು. ಎಂಟು ವರ್ಷ ಕಲಿತದ್ದಕ್ಕೆ ಸಿಗದ ಜಾಗ, ಒಂದು ಮೂತಿ ಮುಚ್ಚಿದ್ದಕ್ಕೆ ಸಿಕ್ಕಿಬಿಟ್ಟಿತು. ‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಅಂತಾರಲ್ಲ, ಇಲ್ಲಿ ದೊಣ್ಣೆ ಹಿಡಿದವರೂ ನೀವೇ. ಅದಕ್ಕೇ ಮೋಸ ಅನಿಸುತ್ತಿದೆ.

ಮೊದಲು ಆ ‘ಕಾನ್ಸೆಪ್ಟ್ ಇಲ್ಲ’ ಅನ್ನುವ ಮಾತನ್ನು ನೋಡೋಣ. ಆಯ್ಕೆ ಮಾಡುವ ಮೇಜಿನ ಆ ಕಡೆ ನಾನೂ ಕೂತಿದ್ದೇನೆ. ಇನ್ನೂರು ಅರ್ಜಿ ನೋಡಿ ಕಣ್ಣು ದಣಿದಾಗ ಆ ಮಾತು ಎಷ್ಟು ಸಲೀಸಾಗಿ ಬಾಯಿಗೆ ಬರುತ್ತದೆ ಅಂತ ಗೊತ್ತು. ನಾವು ನೋಡುವುದು ಫೋಟೋ. ಒಳ್ಳೆಯ ಜಗ್‌ನ ಒಳ್ಳೆಯತನ ತಿಳಿಯುವುದು ಎತ್ತಿದಾಗ, ಬಗ್ಗಿಸಿದಾಗ, ತೊಳೆದಾಗ. ಅದು ಫೋಟೋದಲ್ಲಿ ಬರುವುದಿಲ್ಲ. ಮೂತಿ ಮುಚ್ಚಿದ ಟೀ ಪಾಟ್ ಮಾತ್ರ ಫೋಟೋದಲ್ಲೇ ಅರ್ಥವಾಗಿಬಿಡುತ್ತದೆ. ನಿಮ್ಮ ಆಯ್ಕೆಗೆ ಅರ್ಧ ಕಾರಣ ಇದೇ ಇರಬಹುದು. ಇನ್ನರ್ಧದ ಬಗ್ಗೆ ಆಮೇಲೆ ಹೇಳುತ್ತೇನೆ. ಯಾಕೆಂದರೆ ಆ ಪಾಟ್ ನಿಜಕ್ಕೂ ಕೆಟ್ಟದ್ದೇನಲ್ಲ.

ನಿಮ್ಮ ಶಿಲ್ಪಿ ಸ್ನೇಹಿತರು ಹೇಳಿದ ನಿಯಮ ತುಂಬಾ ಹಳೆಯದು ಅನ್ನುವ ಭಾವನೆ ಹಲವರಿಗಿದೆ. ಅಷ್ಟೇನೂ ಹಳೆಯದಲ್ಲ. 1746ರಲ್ಲಿ ಶಾರ್ಲ್ ಬಾತೂ ಎಂಬ ಫ್ರೆಂಚ್ ವಿದ್ವಾಂಸ ಸಂಗೀತ, ಕಾವ್ಯ, ಚಿತ್ರ, ಶಿಲ್ಪ, ನೃತ್ಯ ಇವನ್ನು ‘ಲಲಿತ ಕಲೆ’ ಎಂದು ಒಂದು ಗುಂಪು ಮಾಡಿದ. ಆನಂದಕ್ಕಾಗಿ ಇರುವವು ಇವು, ಅಗತ್ಯಕ್ಕಾಗಿ ಇರುವ ಕಸುಬುಗಳು ಬೇರೆ ಎಂದ. ತಮಾಷೆ ಏನೆಂದರೆ ಕಟ್ಟಡ ಕಟ್ಟುವ ಕಲೆಯನ್ನು ಎಲ್ಲಿ ಇಡಬೇಕು ಅಂತ ಅವನಿಗೇ ಸರಿಹೋಗಲಿಲ್ಲ. ಅದಕ್ಕೆ ಮತ್ತು ಭಾಷಣ ಕಲೆಗೆ ಮೂರನೆಯದೊಂದು ಗುಂಪು ಮಾಡಬೇಕಾಯಿತು. ಗೆರೆ ಎಳೆದವನ ಕೈಯಲ್ಲೇ ಗೆರೆ ಅಳ್ಳಾಡಿತ್ತು. ಆಮೇಲೆ ಬಂದವರು ಅದನ್ನು ಒರೆಸುತ್ತಲೇ ಇದ್ದಾರೆ. 1919ರಲ್ಲಿ ಜರ್ಮನಿಯ ವೈಮಾರ್‌ನಲ್ಲಿ ಬೌಹೌಸ್ ಎಂಬ ಕಲಾಶಾಲೆ ಶುರುವಾದಾಗ, ಕಲಾವಿದನಿಗೂ ಕಸುಬುದಾರನಿಗೂ ಮೂಲದಲ್ಲಿ ವ್ಯತ್ಯಾಸವಿಲ್ಲ ಎಂದು ಅದರ ಸ್ಥಾಪಕ ವಾಲ್ಟರ್ ಗ್ರೋಪಿಯಸ್ ಘೋಷಣಾಪತ್ರದಲ್ಲೇ ಬರೆದರು.

ನನಗೆ ಇಷ್ಟವಾದ ವರ್ಷ 1936. ಆ ವರ್ಷ ಟೋಕಿಯೊದಲ್ಲಿ ಚಿಂತಕ ಯಾನಾಗಿ ಸೋಯೆತ್ಸು ಅವರು ಜನಬಳಕೆಯ ಕರಕುಶಲ ವಸ್ತುಗಳ ಮ್ಯೂಸಿಯಂ ತೆರೆದರು. ಹೆಸರು ಗೊತ್ತಿಲ್ಲದ ಕೈಗಳು ದಿನನಿತ್ಯದ ಉಪಯೋಗಕ್ಕೆಂದು ಮಾಡಿದ ಬಟ್ಟಲು, ಬಟ್ಟೆ, ಬುಟ್ಟಿಗಳಲ್ಲೇ ಚೆಲುವು ಇದೆ ಅನ್ನುವುದು ಅವರ ವಾದ. ಅದೇ ವರ್ಷ ಪ್ಯಾರಿಸ್‌ನಲ್ಲಿ ಮೆರೆಟ್ ಓಪನ್‌ಹೈಮ್ ಎಂಬ 22 ವರ್ಷದ ಕಲಾವಿದೆ ಅಂಗಡಿಯಿಂದ ತಂದ ಒಂದು ಕಪ್, ಸಾಸರ್, ಚಮಚಕ್ಕೆ ಜಿಂಕೆ ಜಾತಿಯ ಪ್ರಾಣಿಯೊಂದರ ತುಪ್ಪಳ ಅಂಟಿಸಿದರು. ಅದು ಈಗ ನ್ಯೂಯಾರ್ಕ್‌ನ ಆಧುನಿಕ ಕಲಾ ಮ್ಯೂಸಿಯಂನಲ್ಲಿದೆ. ಒಬ್ಬರದು ಬಳಕೆಗೆ ನಮಸ್ಕಾರ, ಇನ್ನೊಬ್ಬರದು ಬಳಕೆಗೆ ಕೊಡಲಿ ಏಟು. ಎತ್ತು ಏರಿಗೆ, ಕೋಣ ನೀರಿಗೆ ಎಳೆದ ಹಾಗೆ ಕಾಣುತ್ತದೆ ಅಲ್ವಾ?

ಆದರೆ ತುಪ್ಪಳದ ಕಪ್ ನೋಡಿದಾಗ ನಿಮ್ಮ ಮೈಗೆ ಏನಾಗುತ್ತದೆ ಅಂತ ಸ್ವಲ್ಪ ಗಮನಿಸಿ. ತುಟಿ ಹಿಂದೆ ಸರಿಯುತ್ತದೆ. ಒದ್ದೆ ಕೂದಲು ಬಾಯಿಗೆ ಬಂದ ಹಾಗೆ ಮುಖ ಕಿವುಚುತ್ತದೆ. ಕಪ್‌ನಿಂದ ಒಮ್ಮೆಯೂ ಕುಡಿಯದವರಿಗೆ ಹೀಗೆ ಆಗುವುದಿಲ್ಲ. ಅಂದರೆ ಆ ಕೆಲಸದ ಸರಕು ತುಪ್ಪಳ ಒಂದೇ ಅಲ್ಲ, ನಮ್ಮ ತುಟಿಯಲ್ಲಿ ಕೂತಿರುವ ಬಳಕೆಯ ನೆನಪು ಕೂಡ. ಬಳಕೆಯನ್ನು ಕೊಂದ ಕಪ್ ಕೂಡ ಬಳಕೆಯನ್ನೇ ತಿಂದು ಬದುಕುತ್ತಿದೆ. ನಿಮ್ಮ ಮುಚ್ಚಿದ ಮೂತಿಯ ಪಾಟ್‌ಗೂ ಇದೇ ಮಾತು. ಹಿಡಿ ಸರಿಯಾಗಿ ಕೂತಿದ್ದರಿಂದ, ಹೊಟ್ಟೆ ಸರಿಯಾಗಿ ಉಬ್ಬಿದ್ದರಿಂದ ನೋಡುವವರ ಕೈ ತಾನಾಗಿ ಅದನ್ನು ಎತ್ತಲು ಹೊರಡುತ್ತದೆ. ಆಮೇಲೆ ಮೂತಿಯ ಹತ್ತಿರ ಬಂದು ಸಿಕ್ಕಿಹಾಕಿಕೊಳ್ಳುತ್ತದೆ. ಆ ಎತ್ತುವ ಆಸೆಯನ್ನು ಹುಟ್ಟಿಸಿದ್ದು ನಿಮ್ಮ ಎಂಟು ವರ್ಷ. ಆಯ್ಕೆಯ ಉಳಿದರ್ಧ ಕಾರಣ ಅಂದೆನಲ್ಲ, ಅದು ಇದು.

ಈಗ ಡಿಸೈನರ್ ಗೆಳೆಯನ ನಿಯಮ. ಇದಕ್ಕೆ ಫ್ರೆಂಚ್ ಡಿಸೈನರ್ ಫಿಲಿಪ್ ಸ್ಟಾರ್ಕ್ ಅವರ ನಿಂಬೆ ಹಿಂಡುವ ಉಪಕರಣವೊಂದೇ ಸಾಕು. 1990ರಲ್ಲಿ ಅಲೆಸ್ಸಿ ಕಂಪನಿ ತಂದ ‘ಜ್ಯೂಸಿ ಸಾಲಿಫ್’. ಮೂರು ಉದ್ದ ಕಾಲಿನ ಮೇಲೆ ನಿಂತ ಅಲ್ಯುಮಿನಿಯಂ ಜೇಡದ ಹಾಗಿದೆ. ರಸದ ಜೊತೆ ಬೀಜವೂ ಬೀಳುತ್ತದೆ, ಸೋಸುವ ವ್ಯವಸ್ಥೆ ಇಲ್ಲ. ಹತ್ತು ವರ್ಷ ಕಳೆದ ಮೇಲೆ ಚಿನ್ನದ ಲೇಪದ ಆವೃತ್ತಿ ಬಂತು. ಅದರ ಜೊತೆ ಒಂದು ಸೂಚನೆ: ಇದರಲ್ಲಿ ಹಣ್ಣು ಹಿಂಡಬೇಡಿ, ಹುಳಿಗೆ ಲೇಪ ಹಾಳಾಗುತ್ತದೆ! ಆದರೂ ಡಿಸೈನ್ ಇತಿಹಾಸ ಬರೆಯುವವರು ಯಾರೂ ಅದನ್ನು ಬಿಟ್ಟು ಬರೆಯುವುದಿಲ್ಲ. ನನಗೆ ಅದು ಅಷ್ಟೊಂದು ಇಷ್ಟವಿಲ್ಲ, ಅದು ಬೇರೆ ಮಾತು. ನಿಮ್ಮ ಗೆಳೆಯನ ನಿಯಮ ಅವನ ಕ್ಷೇತ್ರದಲ್ಲೇ ನಿಲ್ಲುವುದಿಲ್ಲ ಅನ್ನುವುದಕ್ಕೆ ಹೇಳಿದೆ.

ಹಾಗಾದರೆ ಕಾನ್ಸೆಪ್ಟ್ ಅಂದರೆ ಏನು? ಗೋಡೆಗೆ ಅಂಟಿಸುವ ಅರ್ಧ ಪುಟ ಅಂತ ಬಹಳ ಜನ ತಿಳಿದಿದ್ದಾರೆ. ಕಲಿಯಲು ಬಂದವರಿಗೆ ನಾನು ಹೇಳುವುದು ಇಷ್ಟೇ: ಉಳಿದ ನಿರ್ಧಾರಗಳನ್ನು ಯಾವ ನಿರ್ಧಾರ ಆಳುತ್ತದೋ ಅದು ಕಾನ್ಸೆಪ್ಟ್. ದಪ್ಪ ಎಷ್ಟು, ಹಿಡಿ ಎಲ್ಲಿ, ಬಣ್ಣ ಯಾವುದು ಅಂತ ಕೇಳಿದಾಗ ‘ನನಗೆ ಹಾಗೆ ಇಷ್ಟ’ ಅನ್ನುವುದರ ಬದಲು ಬೇರೊಂದು ಉತ್ತರ ಅದರಿಂದ ಬರಬೇಕು.

ಡಚ್ ಡಿಸೈನರ್ ತೇಯೊ ರೆಮಿ 1991ರಲ್ಲಿ ಒಂದು ಡ್ರಾಯರ್ ಕಪಾಟು ಮಾಡಿದರು. ಕಪಾಟು ಅನ್ನಬೇಕೋ ಬೇಡವೋ, ಯಾಕೆಂದರೆ ಅದಕ್ಕೆ ಚೌಕಟ್ಟೇ ಇಲ್ಲ. ಬೇರೆ ಬೇರೆ ಕಡೆಯಿಂದ ಹೆಕ್ಕಿ ತಂದ ಹಳೆಯ ಡ್ರಾಯರ್‌ಗಳು. ಒಂದೊಂದಕ್ಕೂ ಹೊಸ ಮರದ ಗೂಡು. ಎಲ್ಲವನ್ನೂ ಓರೆಕೋರೆಯಾಗಿ ಪೇರಿಸಿ ಸುತ್ತ ಒಂದು ಅಗಲ ಪಟ್ಟಿ ಬಿಗಿದಿದ್ದಾರೆ, ಅಷ್ಟೆ. ನೆನಪುಗಳನ್ನು ಒಪ್ಪವಾಗಿ ಜೋಡಿಸಲು ಆಗುವುದಿಲ್ಲ, ಗಂಟು ಕಟ್ಟಿಡಬಹುದು ಅನ್ನುವುದು ಅದರ ಹುರುಳು. ಆ ಪಟ್ಟಿಯನ್ನು ನೋಡಿ. ಐಡಿಯಾ ಇರುವುದೂ ಪಟ್ಟಿಯಲ್ಲಿ, ಕಪಾಟು ಬೀಳದೆ ನಿಂತಿರುವುದೂ ಪಟ್ಟಿಯಿಂದ. ಪಟ್ಟಿ ಬಿಚ್ಚಿದರೆ ಎರಡೂ ಒಟ್ಟಿಗೆ ಕುಸಿಯುತ್ತವೆ. ಡ್ರಾಯರ್ ಎಳೆದರೆ ಬಟ್ಟೆಯೂ ಸಿಗುತ್ತದೆ. ಕಲೆಯೋ ಕಸುಬೋ ಡಿಸೈನೋ ಅಂತ ವಾದ ಮಾಡುವವರು ಮಾಡಲಿ.

ರೆಮಿ ಅವರ ಹಾಗೆಯೇ ಡ್ರೂಗ್ ಎಂಬ ಡಚ್ ಡಿಸೈನ್ ಬಳಗದಲ್ಲಿದ್ದ ಮಾರ್ಸೆಲ್ ವಾಂಡರ್ಸ್ 1996ರಲ್ಲಿ ಹಗ್ಗದ ಕುರ್ಚಿ ಮಾಡಿದರು. ಮ್ಯಾಕ್ರಮೆ ಗಂಟು ಹಾಕಿ ಹೆಣೆದ ಮೆತ್ತನೆ ಹಗ್ಗ. ಹಗ್ಗದ ಒಳಗೆ ಕಾರ್ಬನ್ ನಾರು. ಎಪಾಕ್ಸಿ ಅಂಟಿನಲ್ಲಿ ಅದ್ದಿ, ಚೌಕಟ್ಟಿಗೆ ತೂಗು ಹಾಕಿ ಗಟ್ಟಿಯಾಗಲು ಬಿಟ್ಟರು. ನೋಡಿದರೆ ಕೂತ ತಕ್ಷಣ ಕುಸಿಯುತ್ತದೆ ಅನಿಸುತ್ತದೆ. ಕೂತರೆ ಕಲ್ಲಿನ ಹಾಗೆ ನಿಲ್ಲುತ್ತದೆ. ಆ ಕುರ್ಚಿಯ ಐಡಿಯಾ ಪೂರ್ತಿಯಾಗುವುದು ನೀವು ಹೆದರುತ್ತಾ ಕೂತ ಕ್ಷಣದಲ್ಲಿ. ಬಳಕೆಯನ್ನು ಬಿಟ್ಟುಕೊಡಲೇಬೇಕಾ ಅಂತ ಕೇಳಿದಿರಲ್ಲ, ಇಲ್ಲಿ ಬಳಸದಿದ್ದರೇ ಕಾನ್ಸೆಪ್ಟ್ ಅರ್ಧಕ್ಕೆ ನಿಲ್ಲುತ್ತದೆ.

ಇದರರ್ಥ ಯಾವ ಐಡಿಯಾವನ್ನು ಬೇಕಾದರೂ ಯಾವ ವಸ್ತುವಿಗೆ ಬೇಕಾದರೂ ತುರುಕಬಹುದು ಅಂತಲ್ಲ. ಅಮೆರಿಕದ ಶಿಲ್ಪಿ ಡೊನಾಲ್ಡ್ ಜಡ್ ಅವರ ಅನುಭವ ಕೇಳಿ. 1960ರ ದಶಕದಲ್ಲಿ ಯಾರೋ ಅವರಿಗೆ ಕಾಫಿ ಟೇಬಲ್ ಮಾಡಿಕೊಡಿ ಎಂದರು. ಪೆಟ್ಟಿಗೆಯಂಥ ತಮ್ಮದೇ ಶಿಲ್ಪವೊಂದನ್ನು ಸ್ವಲ್ಪ ಬದಲಾಯಿಸಿ ಮೇಜು ಮಾಡಿದರು. ಶಿಲ್ಪವೂ ಕೆಟ್ಟಿತು, ಮೇಜೂ ಚೆನ್ನಾಗಿ ಬರಲಿಲ್ಲ, ಕೊನೆಗೆ ಎಸೆದೆ ಎಂದು ಅವರೇ ಬರೆದಿದ್ದಾರೆ. ಮುಂದೆ ಅವರು ಎಷ್ಟೋ ಕುರ್ಚಿ, ಮೇಜು, ಮಂಚ ಮಾಡಿದರು. ಆದರೆ ಶಿಲ್ಪದಿಂದ ಹೊರಡಲಿಲ್ಲ, ಕುರ್ಚಿಯ ಕೆಲಸದಿಂದಲೇ ಹೊರಟರು. ಇನ್ನೊಂದು ಕಡೆ ಸ್ಕಾಟ್ ಬರ್ಟನ್ ಎಂಬ ಶಿಲ್ಪಿ ಇದ್ದಾರೆ. ದೊಡ್ಡ ಬಂಡೆಯಲ್ಲಿ ಎರಡೇ ಎರಡು ಕಚ್ಚು ಹಾಕಿ, ಕೂರುವ ಜಾಗ, ಒರಗುವ ಜಾಗ ಕೊರೆದು, ಇದು ಶಿಲ್ಪ, ಬನ್ನಿ ಕೂತುಕೊಳ್ಳಿ ಎಂದರು. ಒಬ್ಬರಿಗೆ ಕಲೆಗೂ ಬಳಕೆಗೂ ನಡುವೆ ಗೋಡೆ ಬೇಕಿತ್ತು, ಇನ್ನೊಬ್ಬರಿಗೆ ಬೇಡವಾಗಿತ್ತು. ಇಬ್ಬರಿಗೂ ತಾವು ಎಲ್ಲಿಂದ ಹೊರಟಿದ್ದೇವೆ ಅನ್ನುವುದು ಸ್ಪಷ್ಟವಿತ್ತು.

ಜಡ್ ಅವರ ಮೇಜಿನಂಥದ್ದು ನನ್ನ ಕೈಯಿಂದಲೂ ಆಗಿದೆ. ನೀರಿನ ಭಾರದ ಬಗ್ಗೆ ಒಂದು ಜಗ್ ಮಾಡಬೇಕು ಅಂತ ಹೊರಟೆ. ದೂರದಿಂದ ನೀರು ಹೊರುವವರ ಕಷ್ಟ ಕೈಗೆ ತಿಳಿಯಲಿ ಅಂತ ಗೋಡೆಯನ್ನು ಬೇಕೆಂದೇ ದಪ್ಪ ಮಾಡಿದೆ. ಖಾಲಿ ಜಗ್ಗೇ ಎರಡು ಕಿಲೋ ದಾಟಿತ್ತು. ಪ್ರದರ್ಶನದಲ್ಲಿ ನನ್ನ ಬರಹ ಓದಿದವರೆಲ್ಲ ತಲೆದೂಗಿದರು. ಓದದೆ ಎತ್ತಿದ ಒಬ್ಬ ಹೆಂಗಸು ‘ಅಯ್ಯೋ, ಇಷ್ಟೊಂದು ಮಣ್ಣು ಯಾಕೆ ಹಾಕಿದ್ದಾರೆ’ ಅಂದರು. ಅವರು ಹೇಳಿದ್ದೇ ಸರಿ. ಕೈಗೆ ತಿಳಿದದ್ದು ಮಣ್ಣಿನ ಭಾರ, ನೀರಿನ ಭಾರ ಕಾಗದದಲ್ಲೇ ಉಳಿದಿತ್ತು. ತೆಳುವಾದ ಗೋಡೆ, ಕೆಳಗೆ ಜೋತ ದೊಡ್ಡ ಹೊಟ್ಟೆ, ತುಸು ದೂರ ಇಟ್ಟ ಹಿಡಿ ಮಾಡಿದ್ದರೆ ಖಾಲಿ ಇದ್ದಾಗ ಹಗುರ, ತುಂಬಿದಾಗ ಮಣಿಕಟ್ಟನ್ನೇ ಎಳೆಯುವ ಜಗ್ ಆಗುತ್ತಿತ್ತು. ಭಾರ ನೀರಿನದೇ ಅಂತ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಇದನ್ನೇ ಹಿಡಿದು ನಿಮ್ಮ ಟೀ ಪಾಟ್‌ಗೆ ಮತ್ತೆ ಬರುತ್ತೇನೆ. ಟೀ ಪಾಟ್ ಮಾಡುವವರಿಗೆ ಗೊತ್ತಿರುವ ಕೆಲವು ಸಂಗತಿಗಳಿವೆ. ಮೂತಿಯ ತುದಿ ಪಾಟ್‌ನ ಬಾಯಿಗಿಂತ ಕೆಳಗಿದ್ದರೆ ಪೂರ್ತಿ ತುಂಬಿಸಲು ಆಗುವುದಿಲ್ಲ, ಮೂತಿಯಿಂದಲೇ ಚೆಲ್ಲುತ್ತದೆ. ಒಳಗಿನ ಸೋಸುವ ತೂತುಗಳ ಒಟ್ಟು ವಿಸ್ತೀರ್ಣ ಮೂತಿಯ ತುದಿಯ ತೂತಿಗಿಂತ ಜಾಸ್ತಿ ಇರಬೇಕು, ಇಲ್ಲದಿದ್ದರೆ ಧಾರೆ ಸೊರಗುತ್ತದೆ. ತುದಿಯ ಅಂಚು ಗುಂಡಗಿದ್ದರೆ ಸುರಿದು ನಿಲ್ಲಿಸಿದಾಗ ಹನಿ ಹಿಂದಕ್ಕೆ ತಿರುಗಿ ಮೂತಿಯ ಕೆಳಗೇ ಜಾರುತ್ತದೆ. ವಿಜ್ಞಾನಿಗಳು ಇದನ್ನು ಟೀ ಪಾಟ್ ಪರಿಣಾಮ ಅಂತಲೇ ಕರೆಯುತ್ತಾರೆ. ನಿಧಾನವಾಗಿ ಸುರಿದಾಗ ಇದು ಜಾಸ್ತಿ. ಅಂಚನ್ನು ಚೂಪಾಗಿ ಕತ್ತರಿಸಿದರೆ ಹನಿ ಕಡಿದುಬೀಳುತ್ತದೆ. ಇನ್ನೊಂದು, ಮುಚ್ಚಳದ ಮೇಲಿನ ಸಣ್ಣ ತೂತು. ಅದು ಅಲಂಕಾರಕ್ಕಲ್ಲ. ಟೀ ಹೊರಗೆ ಹೋದಷ್ಟು ಗಾಳಿ ಒಳಗೆ ಬರಬೇಕು. ಮುಚ್ಚಳ ಬಿಗಿಯಾಗಿ ಕೂತಿರುವ ಪಾಟ್‌ನಲ್ಲಿ ಸುರಿಯುತ್ತಿರುವಾಗ ಆ ತೂತಿನ ಮೇಲೆ ಬೆರಳಿಟ್ಟು ನೋಡಿ. ಧಾರೆ ತಡವರಿಸಿ ನಿಂತುಹೋಗುತ್ತದೆ. ಬೆರಳು ತೆಗೆದರೆ ಮತ್ತೆ ಹರಿಯುತ್ತದೆ.

ಈಗ ಯೋಚಿಸಿ. ನಿಂತುಹೋಗುವ ಮಾತಿನ ಬಗ್ಗೆ ನಿಮಗೆ ಹೇಳಬೇಕಿತ್ತು. ಮೂತಿಗೆ ಮಣ್ಣು ತುಂಬಿದಿರಿ. ಅದು ಸತ್ತ ಮಾತು, ಒಂದು ಸಲ ನೋಡಿದರೆ ಮುಗಿಯಿತು. ಹಿಡಿ ಹಿಡಿದಾಗ ಹೆಬ್ಬೆರಳು ತಾನಾಗಿಯೇ ಗಾಳಿ ತೂತಿನ ಮೇಲೆ ಬೀಳುವ ಹಾಗೆ ಪಾಟ್ ಮಾಡಿದ್ದರೆ? ಬಗ್ಗಿಸಿದರೂ ಏನೂ ಬರುವುದಿಲ್ಲ. ಒಂದೆರಡು ಹನಿ, ಆಮೇಲೆ ಮೌನ. ಎದುರಿಗೆ ಕೂತವರು ಕಪ್ ಚಾಚಿ ಕಾಯುತ್ತಿದ್ದಾರೆ. ಸುರಿಯುವವರಿಗೆ ಗಾಬರಿ. ಸ್ವಲ್ಪ ಹೊತ್ತಿಗೆ ಯಾರದೋ ಕಣ್ಣಿಗೆ ಬೀಳುತ್ತದೆ: ತಡೆದಿರುವುದು ನಿನ್ನ ಬೆರಳೇ ಕಣೋ, ಎತ್ತು. ಎತ್ತಿದರೆ ಧಾರೆ. ಇದು ಪೂರ್ತಿ ಕೆಲಸ ಮಾಡುವ ಟೀ ಪಾಟ್. ಅದರ ಕಾನ್ಸೆಪ್ಟ್ ಒಂದು ಬೆರಳಿನಡಿ ಇದೆ. ಮುಚ್ಚಳ ಅಷ್ಟು ಬಿಗಿಯಾಗಿ ಕೂರಬೇಕಾದರೆ ಎಂಟು ವರ್ಷದ ಕೈಕೆಲಸವೇ ಬೇಕು, ಅದನ್ನೂ ಗಮನಿಸಿ. ಇದರ ಅಪಾಯ: ಮಾಡುವುದು ಕಷ್ಟ. ಮುಚ್ಚಳ ಸುಡುವಾಗ ಒಂದು ಕೂದಲೆಳೆ ಸೊಟ್ಟಗಾದರೂ ಗಾಳಿ ನುಗ್ಗಿ ಆಟ ಕೆಡುತ್ತದೆ. ಫೋಟೋದಲ್ಲೂ ಏನೂ ಕಾಣುವುದಿಲ್ಲ. ಮತ್ತೆ ‘ಕಾನ್ಸೆಪ್ಟ್ ಇಲ್ಲ’ ಅಂತ ವಾಪಸ್ ಬರಬಹುದು! ಅರ್ಜಿಯ ಜೊತೆ ಒಂದು ಚಿಕ್ಕ ವಿಡಿಯೋ ಕಳಿಸಿ.

ಮುಚ್ಚಿದ ಮೂತಿಯ ಪಾಟ್ ಕೀಳು ಅಂತ ಹೇಳುತ್ತಿಲ್ಲ. ಬಳಕೆಯನ್ನು ಪೂರ್ತಿ ನಿಲ್ಲಿಸುವುದು ಒಂದು ದಾರಿ. ತಡ ಮಾಡುವುದು, ಜಾಗ ಬದಲಿಸುವುದು, ಇನ್ನೊಬ್ಬರ ನೆರವು ಬೇಡುವ ಹಾಗೆ ಮಾಡುವುದು, ಇವೂ ದಾರಿಗಳೇ. ನೀವು ಮೊದಲನೆಯದನ್ನು ಹಿಡಿದದ್ದು ಹಟದಲ್ಲಿ. ಉಳಿದವನ್ನು ನೋಡಿ ಬೇಡ ಅಂದು ಹಿಡಿದದ್ದಲ್ಲ. ನಿಮ್ಮನ್ನು ಚುಚ್ಚುತ್ತಿರುವುದು ಅದು ಅನಿಸುತ್ತದೆ.

ಇನ್ನು ಬರಹವನ್ನು ಆಮೇಲೆ ಬರೆದದ್ದರ ಬಗ್ಗೆ. ಇದರಲ್ಲಿ ಮೋಸ ಏನೂ ಇಲ್ಲ. ಕೈ ಮೊದಲು ಕಂಡುಕೊಂಡದ್ದನ್ನು ತಲೆ ಆಮೇಲೆ ಓದುವುದು ನಮ್ಮ ಕೆಲಸದಲ್ಲಿ ದಿನವೂ ನಡೆಯುತ್ತದೆ. ಡಿಸೈನರ್ ಸಾಮಾನ್ಯವಾಗಿ ಬಳಸುವವರ ತೊಂದರೆಯಿಂದ ಹೊರಡುತ್ತಾರೆ, ಕಲಾವಿದರು ಒಂದು ಪ್ರಶ್ನೆಯಿಂದ, ನಮ್ಮಂಥವರು ಮಣ್ಣಿನಿಂದ. ಎಲ್ಲಿಂದ ಹೊರಟರೂ ಪರವಾಗಿಲ್ಲ. ತೊಂದರೆ ಬರುವುದು ಬರಹ ಹೇಳುವುದನ್ನು ವಸ್ತು ಮಾಡದಿದ್ದಾಗ. ಅದಕ್ಕೆ ನನ್ನದೊಂದು ಒರಟು ಪರೀಕ್ಷೆ ಇದೆ. ಬರಹ ಇಲ್ಲದೆ, ಒಂದು ಮಾತೂ ಹೇಳದೆ ಆ ವಸ್ತುವನ್ನು ಯಾರಿಗಾದರೂ ಒಂದು ವಾರ ಬಳಸಲು ಕೊಡಿ. ವಾರದ ಮೇಲೆ ‘ಹೇಗಿದೆ’ ಅಂತಷ್ಟೇ ಕೇಳಿ. ಅವರು ನಿಮ್ಮ ಮಾತುಗಳನ್ನೇ ಆಡಬೇಕಿಲ್ಲ. ಆದರೆ ನೀವು ಬದಲಾಯಿಸಿದ ಜಾಗದ ಬಗ್ಗೆ ಏನಾದರೂ ಹೇಳಿದರೆ, ಬೈದರೂ ಸರಿ, ಐಡಿಯಾ ಅಲ್ಲಿದೆ. ‘ಚೆನ್ನಾಗಿದೆ’ ಅಂತ ಸುಮ್ನೆ ವಾಪಸ್ ಕೊಟ್ಟರೆ ಐಡಿಯಾ ನಿಮ್ಮ ಕಾಗದದಲ್ಲೇ ಇದೆ. ನನ್ನ ದಪ್ಪ ಜಗ್ ಈ ಪರೀಕ್ಷೆಯಲ್ಲಿ ನಪಾಸಾಯಿತು.

ಈಗ ತಾಯಿಯ ಕಪ್‌ಗಳು. ಒಂದೂ ಮಾಡುವ ಮೊದಲು ಅವರು ಈಗ ಹೇಗೆ ಕುಡಿಯುತ್ತಾರೆ ಅಂತ ನೋಡುತ್ತಾ ಕೂತುಕೊಳ್ಳಿ. ಹಿಡಿ ಹಿಡಿಯುತ್ತಾರೋ, ಕಪ್‌ನ ಮೈಯನ್ನೇ ತಬ್ಬುತ್ತಾರೋ? ಇನ್ನೊಂದು ಕೈ ಯಾವಾಗ ಬರುತ್ತದೆ? ಎಷ್ಟು ತುಂಬಿಸಿಕೊಳ್ಳುತ್ತಾರೆ? ಎತ್ತುವಾಗ ಚೆಲ್ಲುತ್ತದೋ, ಇಳಿಸುವಾಗಲೋ? ನಡುಕ ಮತ್ತು ಹಿಡಿತ ಕಡಿಮೆಯಾಗುವುದು ಎರಡು ಬೇರೆ ತೊಂದರೆ. ನಡುಗುವ ಕೆಲವರಿಗೆ ತುಸು ಭಾರದ ಕಪ್ ಅನುಕೂಲ. ಹಿಡಿತ ಇಲ್ಲದವರಿಗೆ ಭಾರವೇ ಶತ್ರು. ನಿಮ್ಮ ತಾಯಿಗೆ ಎರಡೂ ಇರುವುದರಿಂದ ಊಹೆ ಮಾಡಬೇಡಿ. ಬೇರೆ ಬೇರೆ ತೂಕದ ಮೂರ್ನಾಲ್ಕು ಕಪ್ ಕೊಟ್ಟು ನೋಡಿ. ಅವರನ್ನು ನೋಡಿಕೊಳ್ಳುವ ಥೆರಪಿಸ್ಟ್ ಇದ್ದರೆ ಕೇಳಿ. ಇನ್ನೊಂದು, ನಿಮ್ಮ ತಾಯಿಯನ್ನೂ ಕೇಳಿ. ತಮ್ಮ ನಡುಗುವ ಕೈ ಪ್ರದರ್ಶನಕ್ಕೆ ಹೋಗುವುದು ಅವರಿಗೆ ಒಪ್ಪಿಗೆಯೋ ಇಲ್ಲವೋ ಅನ್ನುವುದು ಸಣ್ಣ ವಿಷಯವಲ್ಲ.

ನನಗೆ ಮೂರು ದಾರಿ ಕಾಣುತ್ತವೆ. ಒಂದು, ಆರೂ ಕಪ್ ಒಂದೇ ಥರ, ಅಮ್ಮನ ಕೈಗೆ ಹೊಂದುವಂಥವು. ನಾಲ್ಕೂ ಬೆರಳು ಹೋಗುವ ಹಿಡಿ, ಅಗಲ ಪಾದ, ತಗ್ಗು ಮೈ. ಎಲ್ಲರೂ ಅದರಲ್ಲೇ ಕುಡಿಯುತ್ತಾರೆ. ರೋಗಿಯ ಕಪ್ ಅಂತ ಬೇರೆ ಇಲ್ಲ. ಇದಕ್ಕೆ ಡಿಸೈನ್ ಲೋಕದಲ್ಲಿ ಹೆಸರಾಂತ ಉದಾಹರಣೆ ಇದೆ. ಸ್ಯಾಮ್ ಫಾರ್ಬರ್ ಎಂಬುವವರ ಹೆಂಡತಿ ಬೆಟ್ಸಿಗೆ ಸಂಧಿವಾತ. ಸಿಪ್ಪೆ ತೆಗೆಯುವ ಸಾಧನ ಹಿಡಿಯುವುದೇ ಕಷ್ಟವಾಗಿತ್ತು. ಅಲ್ಲಿಂದ ಹುಟ್ಟಿ 1990ರಲ್ಲಿ ಮಾರುಕಟ್ಟೆಗೆ ಬಂದದ್ದು ದಪ್ಪ, ಮೆತ್ತನೆ ರಬ್ಬರ್ ಹಿಡಿಯ ಆಕ್ಸೋ ಗುಡ್ ಗ್ರಿಪ್ಸ್ ಎಂಬ ಅಡುಗೆಮನೆ ಸಾಧನಗಳ ಸಾಲು. ಅದನ್ನು ಸಂಧಿವಾತದವರಿಗೆ ಅಂತ ಮಾರಲಿಲ್ಲ, ಎಲ್ಲರಿಗೂ ಮಾರಿದರು. ಈ ದಾರಿಯ ಅಪಾಯ ಒಂದೇ, ಪ್ರದರ್ಶನದಲ್ಲಿ ಯಾರ ಕಣ್ಣಿಗೂ ಬೀಳದೆ ಹೋಗಬಹುದು.

ಎರಡನೆಯದು, ಕಪ್‌ನಿಂದ ಕಪ್‌ಗೆ ಬದಲಾಗುವ ಸಾಲು. ಮೊದಲನೆಯದಕ್ಕೆ ಎರಡು ಬೆರಳಿನ ನಾಜೂಕು ಹಿಡಿ. ಮುಂದೆ ಹೋದ ಹಾಗೆ ಹಿಡಿ ದೊಡ್ಡದು, ಮೈ ತಗ್ಗು, ಕೊನೆಯದಕ್ಕೆ ಎರಡು ಹಿಡಿ. ಕಣ್ಣಿಗೆ ಚೆನ್ನಾಗಿರುತ್ತದೆ. ಹುಷಾರಾಗಿರದಿದ್ದರೆ ಆಸ್ಪತ್ರೆಯ ಚಾರ್ಟ್ ಆಗಿಬಿಡುತ್ತದೆ. ಹೀಗೆ ಮಾಡುವುದಾದರೆ ಕೊನೆಯ ಕಪ್ಪೇ ಎಲ್ಲಕ್ಕಿಂತ ಚೆಲುವಾಗಿರಲಿ. ನೋಡುವವರಿಗೆ ಮೊದಲು ಅದನ್ನೇ ಎತ್ತಬೇಕು ಅನಿಸಲಿ.

ಮೂರನೆಯದು, ಗಟ್ಟಿ ಕೈಯವರಿಗೂ ನಡುಕ ತಿಳಿಯುವ ಹಾಗೆ ಮಾಡುವುದು. ಗುಂಡು ಪಾದದ ಅಲುಗಾಡುವ ಕಪ್, ಹೀಗೆ ಏನಾದರೂ. ಕಲಿಯುವವರು ಮೊದಲು ಹಾರುವುದು ಇದಕ್ಕೇ. ನನಗೆ ಇದು ಬೇಡ ಅನಿಸುತ್ತದೆ. ಬಿಸಿ ದ್ರವ ಇರುವ ಕಡೆ ಕಾನ್ಸೆಪ್ಟ್ ಯಾರ ಚರ್ಮವನ್ನೂ ಸುಡಬಾರದು. ಮಾಡಲೇಬೇಕೆಂದರೆ ತಣ್ಣೀರಿಗೆ ಮಾತ್ರ ಇಡಿ. ಒಂದು ನಿಮಿಷ ಅಲುಗಾಡಿದ್ದಕ್ಕೆ ‘ನಿಮ್ಮ ತಾಯಿಯ ಕಷ್ಟ ಅರ್ಥವಾಯಿತು’ ಅಂದುಕೊಂಡು ಜನ ಮನೆಗೆ ಹೋಗುವುದು ನನಗೆ ಅಷ್ಟು ಹಿಡಿಸುವುದಿಲ್ಲ.

ನಾನಾದರೆ ಮೊದಲನೆಯದನ್ನು ಹಿಡಿಯುತ್ತೇನೆ.

ಕೆಲವು ಕೈಕೆಲಸದ ಮಾತುಗಳು. ನಿಮಗೆ ಗೊತ್ತಿರುತ್ತದೆ, ಆದರೂ ಐಡಿಯಾದ ಗುಂಗಿನಲ್ಲಿ ಮರೆಯುವುದು ಇವೇ. ಒದ್ದೆ ಮಣ್ಣಿನಿಂದ ಸುಟ್ಟು ಬರುವಷ್ಟರಲ್ಲಿ ಸ್ಟೋನ್‌ವೇರ್ (ಹೆಚ್ಚು ಬಿಸಿಯಲ್ಲಿ ಸುಡುವ ಗಟ್ಟಿ ಪಾತ್ರೆ) ಸುಮಾರು ಹತ್ತರಲ್ಲಿ ಒಂದು ಭಾಗ ಕುಗ್ಗುತ್ತದೆ, ಕೆಲವು ಮಣ್ಣು ಇನ್ನೂ ಜಾಸ್ತಿ. ನಾಲ್ಕು ಬೆರಳಿನ ಹಿಡಿ ಗೂಡಿನಿಂದ ಬರುವಾಗ ಮೂರು ಬೆರಳಿನದಾಗಿರುತ್ತದೆ. ಹಿಡಿಯ ಬೆಸುಗೆ ಬಿಡುವುದು ಮಾಮೂಲಿ ಕಪ್‌ನಲ್ಲಿ ಬೇಸರ, ನಡುಗುವ ಕೈಯಲ್ಲಿ ಅಪಾಯ. ಆದ್ದರಿಂದ ಪ್ರತಿ ಹಿಡಿಯನ್ನೂ ತುಂಬಿದ ಕಪ್‌ನೊಂದಿಗೆ ಎಳೆದು ನೋಡಿ. ಕುಡಿಯುವ ಪಾತ್ರೆಯ ಒಳಗೆ ಸೀಸ ಅಥವಾ ಕ್ಯಾಡ್ಮಿಯಂ ಇರುವ ಗ್ಲೇಜ್ (ಗಾಜಿನಂಥ ಲೇಪ) ಬೇಡ. ನಿಮ್ಮದೇ ಮಿಶ್ರಣವಾದರೆ ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಿಸಿ. ಗ್ಲೇಜ್ ಬಿರುಕುಗಳು ಚೆಲುವಾಗಿ ಕಾಣಬಹುದು, ಆದರೆ ಮಣ್ಣು ಪೂರ್ತಿ ಬೆಂದಿರದಿದ್ದರೆ ಅಲ್ಲಿ ನೀರು ಇಳಿಯುತ್ತದೆ, ಕೊಳೆ ಕೂರುತ್ತದೆ. ಒಳಗೋಡೆಯ ಬಣ್ಣ ಮತ್ತು ಕುಡಿಯುವುದರ ಬಣ್ಣ ಬೇರೆ ಬೇರೆ ಇದ್ದರೆ ಎಷ್ಟು ತುಂಬಿದೆ ಅಂತ ವಯಸ್ಸಾದ ಕಣ್ಣಿಗೆ ಬೇಗ ಕಾಣುತ್ತದೆ. ಮುಚ್ಚಿದ ಮೂತಿಯ ಪಾಟ್ ಅನ್ನು ಮಾರುವುದಾದರೆ ಇದು ಬಳಸುವ ಪಾತ್ರೆಯಲ್ಲ ಎಂದು ಬರೆದೇ ಕೊಡಿ. ಬಳಸಬಹುದು ಅನ್ನುವ ಹಾಗೆ ಕಾಣುವ ಆದರೆ ಬಳಸಬಾರದ ವಸ್ತುವನ್ನು ಬಾಯಿಮಾತಿನಲ್ಲಿ ಬಿಡಬಾರದು.

ಕೊನೆಯದಾಗಿ, ಪ್ರದರ್ಶನ ನಡೆಸುವವರ ಜೊತೆ ಈಗಲೇ ಒಂದು ಮಾತು ಆಡಿಕೊಳ್ಳಿ. ನಿಮ್ಮ ಕಪ್‌ಗಳು ಹೇಳುವುದು ಕೈಗೆ. ‘ಮುಟ್ಟಬೇಡಿ’ ಬೋರ್ಡ್ ಹಾಕಿ ಗಾಜಿನ ಪೆಟ್ಟಿಗೆಯೊಳಗೆ ಇಟ್ಟರೆ ಅರ್ಧ ಪುಟದ ಬರಹ ಮತ್ತೆ ಬೇಕಾಗುತ್ತದೆ. ಆರರಲ್ಲಿ ಒಂದನ್ನಾದರೂ ಹೊರಗೆ, ನೀರು ತುಂಬಿಸಿ, ಎತ್ತಿ ನೋಡಲು ಬಿಡಿ ಅಂತ ಕೇಳಿ. ಒಡೆಯುತ್ತದೆ ಅಂತ ಅವರು ಹೆದರುತ್ತಾರೆ. ಒಡೆಯಲೂಬಹುದು. ಏಳನೆಯದನ್ನು ಮೊದಲೇ ಮಾಡಿಟ್ಟುಕೊಳ್ಳಿ.